ಅಮರಮ್ಮ ಕೈ ಇಡುವುದನ್ನು ಬಿಟ್ಟದ್ದು

ಮಕ್ತಲ್‌ನ ಜಾನುವಾರು ದವಾಖಾನೆಯಲ್ಲಿ ಕಸ ಗುಡಿಸುವ ಕೆಲಸ ಅಮರಮ್ಮನಿಗೆ ಸಿಕ್ಕಿದ್ದು ಗಂಡ ಸತ್ತ ಹದಿನೇಳನೆಯ ದಿನ. ಗಂಡ ಕಾಳಪ್ಪ ಅದೇ ದವಾಖಾನೆಯಲ್ಲಿ ದನ ಹಿಡಿಯುವ ಆಳಾಗಿದ್ದ. ಒಂದು ಬೆಳಿಗ್ಗೆ ಕೃಷ್ಣಾ ತೀರದ ದೊಡ್ಡ ಹೋರಿಯೊಂದು ಮೂಗುದಾರ ಬಿಗಿಯುವಾಗ ತಿರುಗಿ ಅವನನ್ನು ಕಂಬಕ್ಕೆ ಒತ್ತಿಬಿಟ್ಟಿತು. ಮೈಮೇಲೆ ಒಂದು ಗಾಯವೂ ಕಾಣಲಿಲ್ಲ. ಮೂರು ದಿನ ಚಾಪೆಯ ಮೇಲೆ ಮಲಗಿದ್ದ, ನಾಲ್ಕನೆಯ ದಿನ ಉಸಿರು ನಿಂತಿತು. ದವಾಖಾನೆಯ ಡಾಕ್ಟರು ದಸ್ತಗೀರ್ ಸಾಹೇಬರು, ಊರವರ ಬಾಯಲ್ಲಿ ಸಲೋತ್ರಿ ಸಾಹೇಬರು, ಮನೆಯ ಬಾಗಿಲ ತನಕ ಬಂದು ತಲೆ ತಗ್ಗಿಸಿ ನಿಂತು ಹೋದರು. ಆಮೇಲೆ ಚೌಕಿದಾರ ಪೆದ್ದಯ್ಯನ ಕೈಲಿ ಹೇಳಿ ಕಳಿಸಿದರು, ಬರುವುದಾದರೆ ಕಸಬರಿಗೆ ಹಿಡಿಯಬಹುದು ಎಂದು. ಅಮರಮ್ಮ ಮರುದಿನವೇ ಬಂದಳು. ಹೋರಿ ಗಂಡನನ್ನು ಒತ್ತಿದ ಕಂಬದ ಬುಡವನ್ನೇ ಮೊದಲು ಗುಡಿಸಿದಳು. ಅಲ್ಲಿ ಸಗಣಿ ಹೆಚ್ಚು ಬಿದ್ದಿತ್ತು, ಅದಕ್ಕೆ.

ಅವಳು ಮಲ್ದಕಲ್ ಕಡೆಯ ಕುರುಬರ ಮನೆಯವಳು. ಬೀರಪ್ಪನ ಒಕ್ಕಲು. ಅಳುವುದು, ಬಾಯಿ ಮಾಡುವುದು ಅವಳಿಗೆ ಮೊದಲಿನಿಂದಲೂ ಕಡಿಮೆ. ಗಂಡ ಸತ್ತಾಗಲೂ ಅಷ್ಟೆ. ಹೆಂಗಸರು ಅವಳ ಬದಲಿಗೆ ಅತ್ತರು. ಒಬ್ಬಳೇ ಮಗಳು ಮೈಲಮ್ಮನನ್ನು ಅಷ್ಟರಲ್ಲಿ ಹೊಳೆಯ ಆಚೆ, ಕೆ.ಟಿ. ದೊಡ್ಡಿಯ ಕುರುಮಯ್ಯನಿಗೆ ಕೊಟ್ಟಾಗಿತ್ತು. ಮನೆಯಲ್ಲಿ ಒಬ್ಬಳೇ. ಬೆಳಿಗ್ಗೆ ಎದ್ದು ದವಾಖಾನೆಗೆ ಬರುವುದು, ಅಂಗಳ ಗುಡಿಸುವುದು, ಬಾನಿಗೆ ನೀರು ತುಂಬುವುದು, ದನ ಬಂದರೆ ಮುಂಗಾಲಿನ ಕಡೆ ನಿಂತು ಅದರ ಗಂಗೆದೊಗಲು ಸವರುವುದು. ಅವಳು ಸವರಿದರೆ ದನ ನಿಲ್ಲುತ್ತಿತ್ತು. ಮಧ್ಯಾಹ್ನ ದನಗಳು ಇಲ್ಲದ ಹೊತ್ತಿನಲ್ಲಿ ಬೇವಿನ ಮರದ ಕೆಳಗೆ ಕೂತು ಉಣ್ಣೆಯ ನೂಲು ತೆಗೆಯುತ್ತಿದ್ದಳು.

ಆ ವರ್ಷಗಳಲ್ಲಿ ಸರ್ಕಾರ ಹೊಸದೊಂದು ಪರೀಕ್ಷೆ ಸುರು ಮಾಡಿತ್ತು. ಸರ್ಕಾರಿ ದವಾಖಾನೆಗೆ, ಶಾಲೆಯ ಬೋರ್ಡಿಂಗಿಗೆ ಹಾಲು ಹಾಕುವವರ ಆಕಳುಗಳಿಗೆ ಕ್ಷಯ ಇದೆಯೋ ಇಲ್ಲವೋ ನೋಡಬೇಕು. ಸಾಹೇಬರು ಅದಕ್ಕೆ ದಿಕ್ ಅನ್ನುತ್ತಿದ್ದರು, ಊರವರು ಒಣಕೆಮ್ಮು ಅನ್ನುತ್ತಿದ್ದರು. ಆಕಳ ಕುತ್ತಿಗೆಯ ಮೇಲೆ ಅಂಗೈಯಗಲ ಕೂದಲು ಬೋಳಿಸಿ, ಅಲ್ಲಿಯ ತೊಗಲನ್ನು ಮಡಿಸಿ ಹಿಡಿದು, ಹಲ್ಲಿಲ್ಲದ ಚಿಮಟದಂಥ ಒಂದು ಅಳತೆಯಿಂದ ಅದರ ದಪ್ಪ ಬರೆದುಕೊಳ್ಳುವುದು. ಸಣ್ಣ ಸೂಜಿಯಿಂದ ತೊಗಲಿನೊಳಗೆ ಒಂದು ಹನಿ ಔಷಧ ಬಿಡುವುದು. ಮೂರನೆಯ ದಿನ ಅದೇ ಜಾಗವನ್ನು ಮತ್ತೆ ಅಳೆಯುವುದು. ತೊಗಲು ದಪ್ಪವಾಗಿ, ಬಿಸಿಯಾಗಿ, ಕಣಕದ ಹಾಗೆ ಮೆತ್ತಗೆ ಹರಡಿಕೊಂಡಿದ್ದರೆ ರೋಗ ಇದೆ ಎಂದು ಅರ್ಥ. ಅಂಥ ಆಕಳಿನ ಎಡಗಿವಿಯ ತುದಿಗೆ ಒಂದು ಕಚ್ಚು ಹಾಕಿ ಬೇರೆ ಕಟ್ಟಿಸುವರು. ಅದರ ಹಾಲು ಮಾರಬಾರದು, ಮಕ್ಕಳಿಗೆ ಕೊಡಬಾರದು.

ದಸ್ತಗೀರ್ ಸಾಹೇಬರ ಕಣ್ಣಿಗೆ ಆಗಲೇ ಪೊರೆ ಬರತೊಡಗಿತ್ತು. ಚಿಮಟದ ಮೇಲಿನ ಸಣ್ಣ ಗೆರೆಗಳನ್ನು ಬಿಸಿಲಿಗೆ ಹಿಡಿದು, ಹತ್ತಿರ ತಂದು, ದೂರ ಒಯ್ದು ಓದುತ್ತಿದ್ದರು. ಒಂದು ದಿನ ಕರಿ ಆಕಳೊಂದನ್ನು ಅಳೆದು, ಏನೂ ಇಲ್ಲ ಹೊಡಕೊಂಡು ಹೋಗಿ ಎಂದರು. ಆಕಳ ಕುತ್ತಿಗೆ ಹಿಡಿದು ನಿಂತಿದ್ದ ಅಮರಮ್ಮನ ಬೆರಳು ಆ ಬೋಳಿಸಿದ ಜಾಗದ ಮೇಲೇ ಇತ್ತು.

"ಸಾಹೇಬ್ರೇ, ಮೊನ್ನಿಗಿಂತ ಎರಡೆಳಿ ದಪ್ಪ ಆಗೈತ್ರಿ ಇಲ್ಲಿ" ಅಂದಳು.

ಸಾಹೇಬರು ಭೂತಗನ್ನಡಿ ತರಿಸಿ ಮತ್ತೆ ಅಳೆದರು. ಅವಳು ಹೇಳಿದ್ದು ಸರಿಯಾಗಿತ್ತು. ಹ್ಯಾಂಗೆ ತಿಳಿಯಿತು ಎಂದು ಕೇಳಿದರು. ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಹೆಬ್ಬೆರಳು ತೋರುಬೆರಳಿನ ನಡುವೆ ಉಣ್ಣೆ ಹೊಸೆದವಳು ಅವಳು. ಕಂಬಳಿಯ ಹಾಸಿನ ಎಳೆ ಯಾವುದು, ಹೊಕ್ಕಿನ ಎಳೆ ಯಾವುದು ಎಂದು ಕಣ್ಣು ಮುಚ್ಚಿ ಬೇರೆ ಮಾಡುತ್ತಿದ್ದಳು. ಅದನ್ನೆಲ್ಲ ಹೇಳಲು ಅವಳಿಗೆ ಬರಲಿಲ್ಲ. ತಿಳಿತೈತ್ರಿ, ಎಂದಳು.

ಹೀಗೆ ಸುರುವಾಯಿತು. ಮೊದಲು ಸಾಹೇಬರು ಅಳೆದ ಮೇಲೆ ಅವಳು ಮುಟ್ಟಿ ನೋಡುತ್ತಿದ್ದಳು. ಮುಂದೆ ಅವಳು ಮುಟ್ಟಿದ ಮೇಲೆ ಸಾಹೇಬರು ಅಳೆಯುತ್ತಿದ್ದರು. ಎರಡು ವರ್ಷ ಕಳೆಯುವುದರೊಳಗೆ ಅಳೆಯುವುದೇ ನಿಂತಿತು. ಅವಳು ಬೆರಳಿಟ್ಟು ಹೇಳಿದ್ದನ್ನು ಸಾಹೇಬರು ರಿಜಿಸ್ಟರಿನಲ್ಲಿ ಅಳತೆಯ ಅಂಕಿಯಾಗಿಸಿ ಬರೆಯುತ್ತಿದ್ದರು. ಕೈ ನಡುಗತೊಡಗಿದ ಮೇಲೆ ಸೂಜಿಯನ್ನೂ ಅವಳ ಕೈಗೆ ಕೊಟ್ಟರು. ರುಜು ಮಾತ್ರ ಅವರದು. ಇಬ್ಬರೂ ಇದನ್ನು ಗುಟ್ಟೆಂದು ತಿಳಿದಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ. ಸುತ್ತಲಿನ ಹಳ್ಳಿಗಳಿಗೆ ಮಾತ್ರ ಗೊತ್ತಿತ್ತು. ಆಕಳು ಕೊಳ್ಳುವವರು ಮಾತು ಮುಗಿಸುವ ಮುಂಚೆ ಅಮರಮ್ಮ ಕೈ ಇಟ್ಟಿದ್ದಾಳಾ ಎಂದು ಕೇಳುತ್ತಿದ್ದರು. ಬೈದವರೂ ಇದ್ದರು. ಅವಳ ಮನೆಯ ಎದುರಿನ ಮೊಗುಲಮ್ಮ ಬಿಳಿ ಆಕಳೊಂದನ್ನು ಮಗಳಂತೆ ಸಾಕಿದ್ದಳು. ಅಮರಮ್ಮ ಅದಕ್ಕೆ ರೋಗ ಇದೆ ಎಂದಳು. ಕಿವಿಗೆ ಕಚ್ಚು ಬಿತ್ತು. ಅಂದಿನಿಂದ ಮೊಗುಲಮ್ಮ ಎದುರಿಗೆ ಬಂದರೆ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿ ನಡೆಯುತ್ತಿದ್ದಳು. ಅಮರಮ್ಮ ಅದನ್ನೂ ಬೇವಿನೆಲೆ ಉದುರುವುದನ್ನು ನೋಡುವ ಹಾಗೆ ನೋಡುತ್ತಿದ್ದಳು.

ಹೀಗೆ ಒಂಬತ್ತು ವರ್ಷ ನಡೆಯಿತು.

ಮಕ್ತಲ್ ನಾರಾಯಣಪೇಟೆ ನಡುವಿನ ಒಂದು ಹಳ್ಳಿಯಲ್ಲಿ ಕರಿಬಸಯ್ಯ ಎಂಬ ದೊಡ್ಡ ರೈತನಿದ್ದ. ಹನ್ನೊಂದು ಆಕಳು ಕಟ್ಟಿದ್ದ; ನಾರಾಯಣಪೇಟೆಯ ಬೋರ್ಡಿಂಗಿಗೆ ಅವನದೇ ಹಾಲು. ಆ ವರ್ಷದ ಪರೀಕ್ಷೆಯಲ್ಲಿ ಅವನ ನಾಲ್ಕು ಆಕಳಿಗೆ ಅಮರಮ್ಮ ರೋಗ ಇದೆ ಎಂದಳು. ನಾಲ್ಕರ ಕಿವಿಗೂ ಕಚ್ಚು ಬಿತ್ತು. ಕರಿಬಸಯ್ಯ ಜಗಳ ಆಡಲಿಲ್ಲ. ನೆಟ್ಟಗೆ ಹೈದರಾಬಾದಿಗೆ ಒಂದು ಅರ್ಜಿ ಬರೆಸಿದ. ನನ್ನ ದನಕ್ಕೆ ಸೂಜಿ ಚುಚ್ಚಿದ್ದು ಕಸ ಗುಡಿಸುವ ಹೆಂಗಸು, ರೋಗ ಇದೆ ಎಂದು ಹೇಳಿದ್ದೂ ಅವಳೇ, ಡಾಕ್ಟರು ಕುರ್ಚಿಯ ಮೇಲೆ ಕೂತಿದ್ದರು. ಇದು ಸರ್ಕಾರದ ಕಾನೂನೇ ಎಂದು ಅರ್ಜಿಯಲ್ಲಿ ಕೇಳಿದ್ದ. ಬರೆದಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

ಅರ್ಜಿಗಳು ಬೇರೆ ಕಡೆಯಿಂದಲೂ ಹೋಗಿದ್ದವೋ ಏನೋ. ನಿಜಾಮರ ಲೆಕ್ಕದ ಫಸಲಿ ಸಾವಿರದ ಮುನ್ನೂರ ಐವತ್ತೊಂದನೆಯ ವರ್ಷ, ಬಹಮನ್ ತಿಂಗಳಿನಲ್ಲಿ, ಊರಲ್ಲಿ ಜೋಳ ತೆನೆಗಟ್ಟುವ ಚಳಿಯಲ್ಲಿ, ಉರ್ದುವಿನಲ್ಲಿ ಅಚ್ಚಾದ ಒಂದು ಗಷ್ತಿ ದವಾಖಾನೆಗೆ ಬಂತು. ಅದರ ಬೆನ್ನಿಗೇ ಒಬ್ಬ ಇನ್ಸ್‌ಪೆಕ್ಟರು ಬಂದರು. ಪಡಸಾಲೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ಆ ಸುತ್ತೋಲೆಯನ್ನು ಓದಿ, ರಾಯಚೂರಿನಲ್ಲಿ ಎರಡು ವರ್ಷ ಕಲಿತ ತಮ್ಮ ತಡವರಿಸುವ ಕನ್ನಡದಲ್ಲಿ ಬಿಡಿಸಿ ಹೇಳಿದರು. ಜಾನುವಾರು ವಿದ್ಯೆಯ ಸನದು ಪಡೆದು, ಇಲಾಖೆಯ ಪಟ್ಟಿಯಲ್ಲಿ ಹೆಸರು ಬರೆಸಿದವರು ಮಾತ್ರ ಕ್ಷಯದ ಪರೀಕ್ಷೆ ಮಾಡಬೇಕು. ಬೇರೆ ಯಾರೂ ಸೂಜಿ ಹಾಕಬಾರದು, ಪರೀಕ್ಷೆಗೆಂದು ಮುಟ್ಟಬಾರದು, ದನಕ್ಕೆ ರೋಗ ಇದೆ ಅಥವಾ ಇಲ್ಲ ಎಂದು ಬಾಯಿಂದ ಹೇಳಲೂ ಬಾರದು. ಬೇರೆಯವರು ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಇನ್ಸ್‌ಪೆಕ್ಟರು ಸಿಡುಕಿನ ಮನುಷ್ಯನಲ್ಲ. ತೆಳ್ಳಗಿದ್ದರು, ಮೆಲ್ಲಗೆ ಮಾತಾಡುತ್ತಿದ್ದರು, ಅಂಗಳದ ಒಂದು ಮೂಲೆಯಲ್ಲಿ ತಾವೇ ನೀರು ಕಾಸಿ ಸೂಜಿ ತೊಳೆದುಕೊಂಡರು. ಊರಿನ ನಾಲ್ಕು ಆಕಳುಗಳನ್ನು ತರಿಸಿ ಕಟ್ಟಿಸಿ, ತಮ್ಮ ಕೈಯಿಂದಲೇ ಕೂದಲು ಬೋಳಿಸಿ ಅಳೆದು ಔಷಧ ಹಾಕಿದರು. ಮೂರನೆಯ ದಿನ ಬೆಳಿಗ್ಗೆ ಚಿಮಟವನ್ನು ದಸ್ತಗೀರ್ ಸಾಹೇಬರ ಕೈಗೆ ಕೊಟ್ಟು, ನೀವು ಓದಿ ಹೇಳಿ ಎಂದರು.

ಸಾಹೇಬರು ಒಂದೊಂದಾಗಿ ಅಳೆದರು. ಬಿಸಿಲಿನ ಕಡೆ ತಿರುಗಿದರು. ಅಮರಮ್ಮ ಬಾನಿಯ ಹತ್ತಿರ ಕೊಡ ಹಿಡಿದುಕೊಂಡು ನಿಂತಿದ್ದಳು. ಮೂರನೆಯ ಕೆಂದಾಕಳಿನ ಕುತ್ತಿಗೆ ಊದಿದ್ದು ಅವಳಿಗೆ ಅಲ್ಲಿಂದಲೇ ಕಾಣುತ್ತಿತ್ತು. ಅದು ಆ ಕಡೆಯ ಕಾಲನ್ನು ಸ್ವಲ್ಪ ಎಳೆದು ನಿಂತಿತ್ತು. ಸಾಹೇಬರು ಅದರ ಹತ್ತಿರ ಬಹಳ ಹೊತ್ತು ನಿಂತರು. ಆಮೇಲೆ, ನಾಲ್ಕೂ ಚೆನ್ನಾಗಿವೆ, ಎಂದರು.

ಇನ್ಸ್‌ಪೆಕ್ಟರು ಅದನ್ನು ಬರೆದುಕೊಂಡರು. ತಾವೂ ಅಳೆದು ಅದರ ಕೆಳಗೆ ಬರೆದರು. ಸಾಹೇಬರನ್ನು ಒಳಗೆ ಕೂತಿರಲು ಹೇಳಿ ಅಮರಮ್ಮನನ್ನು ಕರೆದರು.

"ನೀ ಏನ್ ಕೆಲಸ ಮಾಡ್ತಿ ಇಲ್ಲಿ?"

"ಕಸ ಹೊಡಿತೀನ್ರಿ. ನೀರು ಹಾಕ್ತೀನಿ. ದನ ಹಿಡಿತೀನಿ."

"ಸೂಜಿ?"

"ಸೂಜಿ ಸಾಹೇಬ್ರದು."

"ರೋಗ ಐತಿ ಅಂತ ಹೇಳೋದು?"

"ಅದೂ ಅವರದೇ."

ದಸ್ತಗೀರ್ ಸಾಹೇಬರು ಹೀಗೆ ಹೇಳು ಎಂದು ಅವಳಿಗೆ ಕಲಿಸಿರಲಿಲ್ಲ. ಆ ಮೂರು ದಿನ ಅವರು ಅವಳ ಜೊತೆ ಮಾತೇ ಆಡಿರಲಿಲ್ಲ. ಮುಂದೆ ಅದನ್ನು ನೆನೆಸಿಕೊಂಡಾಗಲೂ ಆ ಮಾತು ತನ್ನ ಬಾಯಿಂದ ಹೇಗೆ ಬಂತು ಎಂದು ಅಮರಮ್ಮನಿಗೆ ತಿಳಿಯಲಿಲ್ಲ. ಬಾನಿಗೆ ಕೊಡ ಬಗ್ಗಿಸಿದ ಹಾಗೆ ಬಂದಿತ್ತು, ಅಷ್ಟೆ.

ಇನ್ಸ್‌ಪೆಕ್ಟರು ಕಾಗದ ಮಡಿಸಿ ಜೇಬಿಗೆ ಇಟ್ಟುಕೊಂಡರು. ದನಿ ಇನ್ನಷ್ಟು ತಗ್ಗಿಸಿದರು.

"ಈ ನಾಲ್ಕರಾಗ ಯಾವುದಕ್ಕೈತಿ, ಹೇಳು. ನಾ ಬರಿಯಂಗಿಲ್ಲ. ತಿಳ್ಕೋಬೇಕು ಅಂತ ಕೇಳ್ತೀನಿ."

ಕೆಂದಾಕಳು ಅವಳ ಕಡೆಯೇ ನೋಡುತ್ತಿತ್ತು. ಅಮರಮ್ಮ ಕೊಡವನ್ನು ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಬದಲಿಸಿದಳು.

"ಹೇಳಬಾರದು ಅಂತ ನೀವೇ ಓದಿದ್ರಲ್ರಿ" ಎಂದಳು.

ಅವರು ಮತ್ತೆ ಜೇಬಿಗೆ ಕೈ ಹಾಕಿದರು. ಆಮೇಲೆ ಬರೆದು ತಂದಿದ್ದ ಇನ್ನೊಂದು ಕಾಗದದ ಮೇಲೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ಸೂಜಿ ಹಾಕುವುದಿಲ್ಲ, ಪರೀಕ್ಷೆಗೆಂದು ಮುಟ್ಟುವುದಿಲ್ಲ, ದನದ ರೋಗದ ವಿಷಯ ಯಾರಿಗೂ ಹೇಳುವುದಿಲ್ಲ, ತಪ್ಪಿದರೆ ಕೆಲಸ ಹೋಗುತ್ತದೆ, ಕೋರ್ಟು ಕಚೇರಿಗೂ ಹೋಗಬೇಕಾಗುತ್ತದೆ. ಅವಳು ಮಸಿಯನ್ನು ಬೇವಿನ ಬೊಡ್ಡೆಗೆ ಒರೆಸಿ ಮತ್ತೆ ನೀರು ತರಲು ಹೋದಳು.

ಸಾಹೇಬರಿಗೆ ಶಿಕ್ಷೆ ಆಗಲಿಲ್ಲ. ಕಣ್ಣು ಕಾಣದೆಂದು ಬರೆದು, ಪೆನ್ಶನ್ನಿನ ಮೇಲೆ ಮನೆಗೆ ಕಳಿಸಿದರು. ಒಂಬತ್ತು ವರ್ಷದ ರಿಜಿಸ್ಟರುಗಳ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಬಿತ್ತು. ಹೊರಡುವ ದಿನ ಅವರು ಗಾಡಿಗೆ ಹಾಸಿಗೆ ಸುರುಳಿ ಹೇರಿಸಿ ಅವಳನ್ನು ಕರೆದರು. ಕೃಷ್ಣಾ ಸ್ಟೇಶನ್ನಿನಲ್ಲಿ ರೈಲು ಹಿಡಿದು ಬೀದರಿನ ಕಡೆ, ತಮ್ಮನ ಮನೆಗೆ ಹೋಗುವವರಿದ್ದರು.

"ಇಷ್ಟು ವರ್ಷದ ದಫ್ತರಿನಾಗ ನಿನ್ನ ಹೆಸರು ಒಂದು ಕಡಿನೂ ಇಲ್ಲ, ಅಮರಮ್ಮ. ನಾ ಬರೀಲೇ ಇಲ್ಲ. ಬರೆದಿದ್ರ ಇವತ್ತು ನಿಂಗ ತ್ರಾಸ್ ಆಗ್ತಿತ್ತು."

ಅದು ತಪ್ಪೊಪ್ಪಿಗೆಯೋ ಸಮಾಧಾನವೋ ಅವಳಿಗೆ ಹೊಳೆಯಲಿಲ್ಲ.

"ಆಗ್ಲಿ ಬಿಡ್ರಿ" ಎಂದಳು.

ಗಾಡಿ ಹೋದ ಮೇಲೆ ಎತ್ತು ಹಾಕಿದ ಸಗಣಿ ಬಳಿದಳು.

ಕಚ್ಚು ಬಿದ್ದ ಆಕಳುಗಳೆಲ್ಲ ಕಾಗದದ ಪ್ರಕಾರ ಮತ್ತೆ ಆರೋಗ್ಯದ ಆಕಳುಗಳಾದವು. ಸನದು ಇದ್ದ ಡಾಕ್ಟರು ಬಂದು ಹೊಸದಾಗಿ ನೋಡುವ ತನಕ ಅವನ್ನು ಬೇರೆ ಕಟ್ಟುವ ಜರೂರಿ ಇಲ್ಲ. ಆ ಡಾಕ್ಟರು ಮಾತ್ರ ಬರಲಿಲ್ಲ. ಜಾಗ ಖಾಲಿ ಉಳಿಯಿತು. ಪೆದ್ದಯ್ಯ ದಿನಾ ಬಾಗಿಲು ತೆಗೆಯುತ್ತಿದ್ದ, ಅಮರಮ್ಮ ಗುಡಿಸುತ್ತಿದ್ದಳು, ಪೆದ್ದಯ್ಯ ಬಾಗಿಲು ಹಾಕುತ್ತಿದ್ದ. ಔಷಧದ ಸೀಸೆಗಳು ಕಪಾಟಿನಲ್ಲಿ ಕೆಟ್ಟವು. ದನ ಹೊಡೆದುಕೊಂಡು ಬಂದವರಿಗೆ ಪೆದ್ದಯ್ಯ ಡಾಕ್ಟರಿಲ್ಲ ಎನ್ನುತ್ತಿದ್ದ. ಕೆಲವರು ಅಮರಮ್ಮನ ಕಡೆ ನೋಡುತ್ತಿದ್ದರು. ಅವಳು ಕಸಬರಿಗೆ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು.

ಮೊಗುಲಮ್ಮ ತನ್ನ ಬಿಳಿ ಆಕಳನ್ನು ಹೊಲದ ಗುಡಿಸಲಿನಿಂದ ಮನೆಗೆ ಹೊಡೆದುಕೊಂಡು ಬಂದಳು. ಆರು ವರ್ಷದ ಮೇಲೆ ಅಮರಮ್ಮನ ಬಾಗಿಲಿಗೆ ಬಂದು ನಿಂತು, ನನ್ನ ಆಕಳಿಗೆ ನಿಜವಾಗಲೂ ರೋಗ ಇತ್ತೋ ಇಲ್ಲವೋ, ಇವತ್ತಾದರೂ ಹೇಳು ಎಂದು ಕೇಳಿದಳು. ಬೈಯಲು ಬಂದಿರಲಿಲ್ಲ, ಅವಳಿಗೆ ತಿಳಿಯಬೇಕಿತ್ತು. ಅಮರಮ್ಮ ನಂಗೊತ್ತಿಲ್ಲ ಅಂದಳು. ಮೊಗುಲಮ್ಮ ತಿರುಗಿ ಹೋದಳು.

ಆ ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಹಾಯುಗಡದಲ್ಲಿ ನೀರು ಮೊಣಕಾಲಿಗೆ ಇಳಿದಿತ್ತು. ಮೈಲಮ್ಮ, ಅವಳ ಗಂಡ ಕುರುಮಯ್ಯ, ಐದು ವರ್ಷದ ಮೊಮ್ಮಗಳು ಬಾಲಮ್ಮ ಮೂವರೂ ಒಂದು ಮಧ್ಯಾಹ್ನ ದವಾಖಾನೆಯ ಬೇವಿನ ಕೆಳಗೆ ಬಂದು ನಿಂತರು. ಜೊತೆಯಲ್ಲಿ ಒಂದು ಆಕಳಿತ್ತು. ಮೈಲಮ್ಮನಿಗೆ ಎರಡನೆಯ ಬಸಿರು ಇಳಿದುಹೋಗಿ ಮೈ ಸೋತಿತ್ತು. ಬಾಲಮ್ಮ ಒಂದೇ ಕೂಸು. ಅದಕ್ಕೆ ಹಾಲು ಬೇಕೆಂದು ಕುರುಮಯ್ಯ ಹಿಂಡಿನ ಒಳ್ಳೆಯ ಏಳು ಕುರಿಗಳನ್ನು ಕೊಟ್ಟು ಆ ಆಕಳನ್ನು ಬದಲಿಗೆ ಹಿಡಿದಿದ್ದ. ಕೊಟ್ಟವನು ಕರಿಬಸಯ್ಯನ ಆಳು.

ಆಕಳು ನೋಡಲು ಲಕ್ಷಣವಾಗಿತ್ತು. ಬೂದು ಮೈ, ದೊಡ್ಡ ಕಣ್ಣು, ಕೆಚ್ಚಲು ತುಂಬಿತ್ತು. ಎಡಗಿವಿಯ ತುದಿ ಮಾತ್ರ ಬಲಗಿವಿಗಿಂತ ಒಂದು ಬೆರಳು ಗಿಡ್ಡವಾಗಿ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೆಟ್ಟಗಿತ್ತು. ಅಮರಮ್ಮ ಆ ಕಿವಿಯನ್ನು ನೋಡಿದಳು. ಕಚ್ಚು ಕಾಣದಂತೆ ತುದಿಯನ್ನೇ ಕೊಯ್ದಿದ್ದರು. ಹೋದ ವರ್ಷ ಕರಿಬಸಯ್ಯನ ಕೊಟ್ಟಿಗೆಯಲ್ಲಿ ಇದೇ ಕುತ್ತಿಗೆಯ ಮೇಲೆ ಬೆರಳಿಟ್ಟದ್ದು ಅವಳಿಗೆ ನೆನಪಿತ್ತು. ನಾಲ್ಕರಲ್ಲಿ ಇದರದೇ ಎಲ್ಲಕ್ಕಿಂತ ಹೆಚ್ಚು ಊದಿತ್ತು.

"ಯವ್ವ, ಒಂದೀಟು ಕೈ ಇಟ್ಟು ಹೇಳು" ಎಂದಳು ಮೈಲಮ್ಮ. "ಚೊಲೋ ಐತೋ ಇಲ್ಲೋ. ಅದಕ್ಕಾ ಇಷ್ಟು ಸುತ್ತು ಹಾಕ್ಕೊಂಡು ಬಂದೀವಿ."

ಪೆದ್ದಯ್ಯ ಪಡಸಾಲೆಯಲ್ಲಿ ಕೂತು ಬೀಡಿ ಸೇದುತ್ತಿದ್ದ. ಅವನು ಈ ಕಡೆ ನೋಡುತ್ತಲೂ ಇರಲಿಲ್ಲ. ಅಮರಮ್ಮ ಮುಂದೆ ಹೋಗಿ ಆಕಳ ಗಂಗೆದೊಗಲು ಸವರಿದಳು. ಕುತ್ತಿಗೆಗೆ ಕೈ ಒಯ್ಯಲಿಲ್ಲ.

"ಸಲೋತ್ರಿ ಬರಲಿ, ನೋಡಲಿ" ಎಂದಳು.

"ಯಾವಾಗ ಬರ್ತಾರ?"

"ಗೊತ್ತಿಲ್ಲ."

"ತಾಲೂಕಿಗೆಲ್ಲ ನೀ ಹೇಳ್ತಿದ್ದಿ."

"ಈಗ ಹೇಳಂಗಿಲ್ಲ. ಹಾಲು ಕಾಸ್ಕೊಂಡು ಕುಡೀರಿ" ಎಂದಳು.

ಮೈಲಮ್ಮ ನಕ್ಕಳು. ಇದು ಕೆಚ್ಚಲ ಹತ್ತಿರ ಲೋಟ ಹಿಡಿದು ನಿಂತು ನೊರೆಹಾಲು ಕುಡಿಯುವ ಹುಡುಗಿ, ಕಾಸುವ ತನಕ ಯಾರು ಕಾಯುತ್ತಾರೆ ಎಂದಳು. ಕುರುಮಯ್ಯನಿಗೆ ಹೊತ್ತು ಮುಳುಗುವ ಮುಂಚೆ ಹೊಳೆ ದಾಟಬೇಕಿತ್ತು. ಅತ್ತಿ ಬ್ಯಾಡ ಅನ್ನಲಿಲ್ಲಲ್ಲ, ಹಾಂಗಂದ್ರ ಚೊಲೋನೇ ಐತಿ ನಡಿ, ಎಂದು ಅವನು ಹಗ್ಗ ಎಳೆದ. ಬಾಲಮ್ಮ ಆಕಳ ಬಾಲ ಹಿಡಿದುಕೊಂಡು ಹಿಂದೆ ಹೋಯಿತು. ಬೀದಿಯ ತಿರುವಿನಲ್ಲಿ ಆಕಳು ಒಂದು ಸಲ ಒಣದಾಗಿ ಕೆಮ್ಮಿತು. ಅಮರಮ್ಮನಿಗೆ ಕೇಳಿಸಿತು.

ಕರೆಯಬಹುದಾಗಿತ್ತು. ಬಾಯಿ ತೆರೆದರೆ ಕೇಳುವಷ್ಟು ಹತ್ತಿರದಲ್ಲೇ ಇದ್ದರು. ಅವಳನ್ನು ತಡೆದದ್ದು ಹೆಬ್ಬೆಟ್ಟಿನ ಅಂಜಿಕೆಯೋ, ಒಂಬತ್ತು ವರ್ಷವನ್ನು ಕೆಂಪು ಗೆರೆ ಎಳೆದು ಅಳಿಸಿದವರ ಮೇಲಿನ ಸಿಟ್ಟೋ, ಬರೀ ದಣಿವೋ, ಅವಳಿಗೆ ಆವತ್ತೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಒಳಗೆ ಏನೋ ಇರಬೇಕಾದ ಕಡೆ ಏನೂ ಇರಲಿಲ್ಲ. ಅವಳು ಅಂಗಳದಲ್ಲಿ ಉಳಿದಿದ್ದ ಅರ್ಧ ಭಾಗ ಗುಡಿಸಿದಳು.

ಮಳೆಗಾಲದಲ್ಲಿ ಮಕ್ತಲ್ ಸಂತೆಗೆ ಕುರುಮಯ್ಯನ ಅಣ್ಣ ಖಂಡಪ್ಪ ಕಂಬಳಿ ಮಾರಲು ಬಂದಿದ್ದ. ಅಮರಮ್ಮ ಅವನ ಹತ್ತಿರ ನಿಂತು ಹುಡುಗಿ ಹೇಗಿದ್ದಾಳೆ ಎಂದು ಕೇಳಿದಳು. ಚಂದ ಅದಾಳ, ಹಾಲು ಕುಡಿದು ಗುಂಡಗಾಗ್ಯಾಳ ಎಂದ. ಆಕಳ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಗಿರಾಕಿ ಬಂದರು, ಅವನು ಆ ಕಡೆ ತಿರುಗಿದ. ಅವಳು ಉಪ್ಪು ತೆಗೆದುಕೊಂಡು ಮನೆಗೆ ಬಂದಳು.

ಮುಂದಿನ ವರ್ಷ ಜೋಳದ ರಾಶಿ ಮುಗಿಯುವ ಹೊತ್ತಿಗೆ ಅದೇ ಖಂಡಪ್ಪ ದವಾಖಾನೆಗೆ ಬಂದು ಹೇಳಿದ. ಬಾಲಮ್ಮನ ಕುತ್ತಿಗೆಯಲ್ಲಿ ಗಂಟು ಎದ್ದಿದೆ. ಮೊದಲು ದವಡೆಯ ಕೆಳಗೆ ಒಂದು, ಆಮೇಲೆ ಅದರ ಕೆಳಗೆ ಸಾಲಾಗಿ ನಾಲ್ಕು. ಗಂಡಮಾಲೆ ಅಂತಾರೆ. ಮೈಲಾರನಿಗೆ ಹರಕೆ ಹೊತ್ತದ್ದಾಯಿತು, ಸುಣ್ಣ ಹಚ್ಚಿದ್ದಾಯಿತು, ಯಾರೋ ಬರೆ ಹಾಕಿದರು. ಒಂದು ಒಡೆದು ಸುರಿಯುತ್ತಿದೆ, ಆರುತ್ತಿಲ್ಲ. ಮೈಲಮ್ಮ ನಿನ್ನನ್ನು ಕರಕೊಂಡು ಬಾ ಅಂದಿದ್ದಾಳೆ.

ಅಮರಮ್ಮ ಪೆದ್ದಯ್ಯನಿಗೆ ಹೇಳಿ ಹೊರಟಳು. ಹರಿಗೋಲಿನಲ್ಲಿ ಹೊಳೆ ದಾಟುವಾಗ ಖಂಡಪ್ಪ ಏನೇನೋ ಮಾತಾಡುತ್ತಿದ್ದ. ಹೂಂ, ಹೂಂ ಅನ್ನುತ್ತಿದ್ದಳು. ಮರುದಿನ ಹೊತ್ತೇರುವಾಗ ಮಗಳ ಅಂಗಳಕ್ಕೆ ಕಾಲಿಟ್ಟಳು. ಬಾಲಮ್ಮ ಕಟ್ಟೆಯ ಮೇಲೆ ತಲೆ ಒಂದು ಕಡೆ ವಾಲಿಸಿಕೊಂಡು ಕೂತಿತ್ತು. ಕುತ್ತಿಗೆಗೆ ಸುತ್ತಿದ ಬಟ್ಟೆ ಒದ್ದೆಯಾಗಿತ್ತು. ಅಂಗಳದ ಗೂಟಕ್ಕೆ ಆಕಳು ಕಟ್ಟಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ಮೂಗಿನಲ್ಲಿ ಸಿಂಬಳ.

ಅವಳು ಮೊದಲು ಹುಡುಗಿಯ ಹತ್ತಿರ ಹೋಗಲಿಲ್ಲ, ಆಕಳ ಹತ್ತಿರ ಹೋದಳು. ದವಡೆಯ ಕೆಳಗೆ, ಹೆಗಲಿನ ಮುಂದೆ, ಕೈ ಆಡಿಸಿದಳು. ವರ್ಷದ ಮೇಲಾಗಿದ್ದರೂ ಬೆರಳುಗಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತವು.

"ಇದರ ಹಾಲು ಬಿಡ್ರಿ" ಎಂದಳು. "ಇವತ್ತಿನಿಂದ ಬ್ಯಾಡ."

ಮೈಲಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಅವ್ವನನ್ನು ನೋಡಿದಳು, ಆಕಳನ್ನು ನೋಡಿದಳು.

"ಅವತ್ತಾ ಗೊತ್ತಿತ್ತೇನು ನಿಂಗ?"

"ಗೊತ್ತಿತ್ತು."

"ಯಾಕ ಹೇಳಲಿಲ್ಲ?"

"ಹೇಳಬಾರದು ಅಂತ ಹೆಬ್ಬೆಟ್ಟು ಒತ್ತಿಸ್ಕೊಂಡಿದ್ರು."

ಮೈಲಮ್ಮನ ದನಿ ಏರಲಿಲ್ಲ. "ನಾ ಸರ್ಕಾರದಾಕಿ ಏನ್ ಯವ್ವ?" ಎಂದಳು. ಆಮೇಲೆ ಒಳಗೆ ಹೋಗಿ ಹುಡುಗಿಗೆ ಒಣ ಬಟ್ಟೆ ತಂದಳು. ಅಮರಮ್ಮ ಕೈ ಚಾಚಿದಾಗ ಬಟ್ಟೆ ಕೊಡಲಿಲ್ಲ, ತಾನೇ ಕಟ್ಟಿದಳು.

ಬಾಲಮ್ಮನನ್ನು ರಾಯಚೂರಿನ ದೊಡ್ಡ ದವಾಖಾನೆಗೆ ಒಯ್ದರು. ಐದು ತಿಂಗಳು ಅಲ್ಲೇ ಇಟ್ಟುಕೊಂಡು ಗಂಟುಗಳನ್ನು ಕೊಯ್ದು ತೆಗೆದರು, ದಿನಾ ಬೆಳಗಿನ ಬಿಸಿಲಿಗೆ ಮಲಗಿಸಿದರು, ಮೀನೆಣ್ಣೆ ಕುಡಿಸಿದರು. ಹುಡುಗಿ ಬದುಕಿತು. ಕುತ್ತಿಗೆಯ ಎಡಗಡೆ ತೊಗಲು ಜಗ್ಗಿ, ತಲೆ ಯಾವಾಗಲೂ ಯಾರದೋ ಮಾತು ಕೇಳುತ್ತಿರುವ ಹಾಗೆ ಒಂದು ಕಡೆ ವಾಲಿತು. ಅದು ಹಾಗೇ ಉಳಿಯಿತು. ಆಕಳನ್ನು ಕುರುಮಯ್ಯ ಊರ ಹೊರಗೆ ಕಟ್ಟಿ ಮೇವು ಹಾಕಿದ. ಹಾಲು ಕರೆಯಲಿಲ್ಲ. ಚಳಿ ಬೀಳುವಾಗ ಅದು ಸತ್ತಿತು.

ಮಕ್ತಲ್‌ಗೆ ಕೊನೆಗೂ ಸನದಿನ ಡಾಕ್ಟರು ಬಂದರು. ಗದ್ವಾಲದ ಕಡೆಯ ಹುಡುಗ, ಸಾಯಣ್ಣ ಎಂದು ಹೆಸರು. ಕಣ್ಣು ಚುರುಕು, ಕೈ ನಿಧಾನ. ಹೊಸ ಔಷಧ ತರಿಸಿ, ಊರೂರು ಸುತ್ತಿ, ಕಚ್ಚು ಬಿದ್ದ ಆಕಳುಗಳನ್ನೇ ಮೊದಲು ನೋಡಿದರು. ಕರಿಬಸಯ್ಯನ ಹತ್ತಿರ ಉಳಿದಿದ್ದ ಮೂರರಲ್ಲಿ ಎರಡಕ್ಕೆ ರೋಗ ಇತ್ತು, ಒಂದಕ್ಕೆ ಇರಲಿಲ್ಲ. ಕರಿಬಸಯ್ಯ ಈ ಸಲ ತಾನೇ ನಿಂತು ಎರಡನ್ನೂ ಬೇರೆ ಕಟ್ಟಿಸಿದ. ಬೂದು ಆಕಳು ಎಲ್ಲಿ ಹೋಯಿತೆಂದು ಕೇಳಿದ್ದಕ್ಕೆ, ಆಳು ಬದಲಿಗೆ ಕೊಟ್ಟನೆಂದು ಹೇಳಿ ನೆಲ ನೋಡಿದ.

ಮೊಗುಲಮ್ಮನ ಬಿಳಿ ಆಕಳನ್ನು ಡಾಕ್ಟರು ಎರಡು ಸಲ ಅಳೆದರು. ಅದಕ್ಕೆ ಏನೂ ಇರಲಿಲ್ಲ.

ಆ ಹೊತ್ತಿನಲ್ಲಿ ಅಮರಮ್ಮ ಅದರ ಮೂಗುದಾರ ಹಿಡಿದು ನಿಂತಿದ್ದಳು. ಮೊಗುಲಮ್ಮ ಅವಳ ಮುಖವನ್ನೇ ನೋಡಿದಳು, ಏನಾದರೂ ಅನ್ನುತ್ತಾಳೇನೋ ಎಂದು. ಹಾಗಾದರೆ ಆವತ್ತು ಅಮರಮ್ಮನ ಬೆರಳು ತಪ್ಪಿತ್ತು. ಒಂದು ಸಲ ತಪ್ಪಿದ್ದು ಇನ್ನೆಷ್ಟು ಸಲ ತಪ್ಪಿತ್ತೋ. ಆ ಸುತ್ತೋಲೆ ಬರೆದವರು ಸುಮ್ಮನೆ ಬರೆದಿರಲಿಲ್ಲ. ಇದೆಲ್ಲ ಅಮರಮ್ಮನ ತಲೆಯಲ್ಲಿ ಒಂದರ ಹಿಂದೊಂದು ಹಾದುಹೋಯಿತು, ರಸ್ತೆಯ ಮೇಲೆ ಬೇರೆ ಊರಿನ ಗಾಡಿಗಳು ಹೋಗುವ ಹಾಗೆ. ಅವಳು ಮೂಗುದಾರ ಸಡಿಲಿಸಿ ಆಕಳನ್ನು ಬಿಟ್ಟಳು. ಮೊಗುಲಮ್ಮ ಅದರ ಕೊರಳು ತಬ್ಬಿಕೊಂಡು ಅತ್ತಳು.

ಸಾಯಣ್ಣ ಡಾಕ್ಟರಿಗೆ ಹಳ್ಳಿಗಳಲ್ಲಿ ಅವಳ ಕಥೆ ಕಿವಿಗೆ ಬಿದ್ದಿತ್ತು. ಒಮ್ಮೆ, ಕಾನೂನಿನ ಮಾತು ಬೇರೆ, ಸುಮ್ಮನೆ ಮುಟ್ಟಿ ನೋಡಮ್ಮ, ನನ್ನ ಅಳತೆಗೂ ನಿನ್ನ ಬೆರಳಿಗೂ ಎಷ್ಟು ಹೊಂದುತ್ತದೆ ನೋಡೋಣ ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಅವಳು ಬ್ಯಾಡ್ರಿ ಎಂದಳು. ಅವರು ಒತ್ತಾಯ ಮಾಡಲಿಲ್ಲ.

ಅವಳು ಇನ್ನೂ ಆರು ವರ್ಷ ಗುಡಿಸಿದಳು. ನಿಜಾಮರ ರಾಜ್ಯ ಹೋಯಿತು ಎಂದು ಪೆದ್ದಯ್ಯ ಒಂದು ದಿನ ಬಂದು ಹೇಳಿದಾಗ ಬಾನಿ ತೊಳೆಯುತ್ತಿದ್ದಳು. ಮರುವರ್ಷ ಅವಳಿಗೆ ವಯಸ್ಸಾಯಿತೆಂದು ಮನೆಗೆ ಕಳಿಸಿದರು. ಕುರುಮಯ್ಯ ತಾನೇ ಬಂದು, ಒಬ್ಬಾಕಿ ಯಾಕ ಇರ್ತಿ ಎಂದು ಕೆ.ಟಿ. ದೊಡ್ಡಿಗೆ ಕರೆದುಕೊಂಡು ಹೋದ.

ಮೈಲಮ್ಮ ಅವಳಿಗೆ ಹೊತ್ತು ಹೊತ್ತಿಗೆ ರೊಟ್ಟಿ ಹಾಕುತ್ತಿದ್ದಳು. ಮಲಗಲು ಒಳ್ಳೆಯ ಕಂಬಳಿ ಕೊಟ್ಟಳು. ಮಾತಾಡುತ್ತಿರಲಿಲ್ಲ. ಏನಾದರೂ ಹೇಳಬೇಕಾದರೆ ಬಾಲಮ್ಮನ ಕೈಲಿ ಹೇಳಿಸುತ್ತಿದ್ದಳು. ಅಮರಮ್ಮನೂ ಬಾಲಮ್ಮನಿಗೇ ಹೇಳುತ್ತಿದ್ದಳು. ಹುಡುಗಿ ಎತ್ತರ ಬೆಳೆದಿತ್ತು. ತಲೆ ವಾಲಿಸಿಕೊಂಡು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಒಯ್ದು ಮುಟ್ಟಿಸಿ ಆಟಕ್ಕೆ ಓಡುತ್ತಿತ್ತು. ಹೀಗೆ ಒಂದು ಬೇಸಿಗೆ ಹೋಯಿತು, ಒಂದು ಮಳೆಗಾಲ ಹೋಯಿತು.

ಆ ವರ್ಷ ಉಣ್ಣೆ ಕತ್ತರಿಸುವ ದಿನ ಗಂಡಸರೆಲ್ಲ ಕುರಿದೊಡ್ಡಿಯಲ್ಲಿದ್ದರು, ಬಾಲಮ್ಮ ಅವರಿಗೆ ಬುತ್ತಿ ಒಯ್ದಿತ್ತು. ಮನೆಯಲ್ಲಿ ಇವರಿಬ್ಬರೇ. ಮೋಡ ಕವಿದು ಗಾಳಿ ಎದ್ದಿತು. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿತ್ತು. ಮೈಲಮ್ಮ ಏಣಿ ಹತ್ತಿ ಎರಡು ಮೊರ ತುಂಬಿಕೊಂಡಳು, ಇಳಿಯಲು ಕೈ ಸಾಲಲಿಲ್ಲ. ಅಂಗಳದಲ್ಲಿ ಕೂತಿದ್ದ ಅವ್ವನನ್ನು ಮೇಲಿನಿಂದ ನೋಡಿದಳು.

"ಯವ್ವ, ಈ ಮೊರ ಹಿಡಿ ಬಾ" ಎಂದಳು.

ಅಮರ‍ಮ್ಮ ಮೊಣಕಾಲಿಗೆ ಕೈ ಊರಿ ಎದ್ದು, ಏಣಿಯ ಬುಡಕ್ಕೆ ಹೋಗಿ ಎರಡೂ ಕೈ ಮೇಲೆತ್ತಿದಳು. ಅಷ್ಟರಲ್ಲಿ ಹನಿ ಬೀಳತೊಡಗಿತ್ತು. ಇಬ್ಬರೂ ಸೇರಿ ಮೆಣಸಿನಕಾಯಿಯನ್ನೆಲ್ಲ ಒಳಗೆ ಹಾಕಿದರು.